ಸಾಹೇಬರ ದನಿಯಲ್ಲಿ ನಾನಾಡಿದ ಎರಡು ಪದ

ನಮ್ಮ ಶಾಸಕರು ಮಾತು ನಿಲ್ಲಿಸಿದ ಮೊದಲ ದಿನ ನಾನು ಶರಣಬಸವೇಶ್ವರ ಗುಡಿಯ ಹತ್ತಿರದ ಅಂಗಡಿಯೊಂದರಲ್ಲಿ ಒಂದು ಪಾಟಿ, ಒಂದು ಡಬ್ಬಿ ಬಳಪ ಕೊಂಡೆ. "ಯಾವ ಕ್ಲಾಸಿನ ಹುಡುಗಗ್ರೀ?" ಎಂದು ಅಂಗಡಿಯವ ಕೇಳಿದ. "ಮೂರನೇದು" ಎಂದೆ. ಪೂರ್ತಿ ಸುಳ್ಳೇನಲ್ಲ. ಸಾಹೇಬರು ಮೂರನೇ ಸಲ ಆರಿಸಿ ಬಂದವರು.

ಅವರ ಗಂಟಲಿನ ಧ್ವನಿತಂತುವಿನ ಮೇಲೆ ಒಂದು ಗಂಟು ಬೆಳೆದಿತ್ತು. ಮೂರು ಚುನಾವಣೆಯ ಭಾಷಣಗಳಿಂದ ಸಂಪಾದಿಸಿದ್ದು ಅದೊಂದೇ ಎಂದರೆ ವಿರೋಧಿಗಳು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ. ಡಾಕ್ಟರು ಗಂಟು ತೆಗೆದು ಮೂರು ವಾರ ಮೌನ ವಿಧಿಸಿದರು. ಪಿಸುಗುಟ್ಟುವುದೂ ಕೂಡದು, ಅದು ಕೂಗುವುದಕ್ಕಿಂತ ಕೆಟ್ಟದ್ದು. ನಡುವೆ ಮಾತಾಡಿದರೆ ಗಾಯ ಒಡೆದು ದನಿ ಮತ್ತೆ ಮೊದಲಿನಂತೆ ಆಗದಿರಬಹುದು ಎಂದರು. ಪಕ್ಷದಲ್ಲಿ ಟಿಕೆಟ್ ಪಟ್ಟಿ ತಯಾರಾಗುತ್ತಿದ್ದ ಹೊತ್ತು ಅದು. ಗಂಟಲಲ್ಲಿ ಗಂಟು ಎಂಬ ಸುದ್ದಿ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಕಚೇರಿಯಿಂದ ಬೆಳಿಗ್ಗೆ ಹೊರಟರೆ, ಮಧ್ಯಾಹ್ನದ ಊಟದ ಹೊತ್ತಿಗೆ ಅದಕ್ಕೆ ಕ್ಯಾನ್ಸರ್ ಎಂದು ಹೆಸರಾಗಿ, ಸಂಜೆಗೆ ಸಾಹೇಬರ ಸೀಟಿಗೆ ನಾಲ್ಕು ಜನ ಅರ್ಜಿ ಹಾಕಿರುತ್ತಿದ್ದರು.

ಕಚೇರಿಯಲ್ಲಿ ನನ್ನ ಕೆಲಸ ಶಿಫಾರಸು ಪತ್ರ ಟೈಪ್ ಮಾಡುವುದು. ಸಂಬಳವಿಲ್ಲದ ಇನ್ನೊಂದು ಕೆಲಸ ಹಿಂದಿನ ಕೋಣೆಯಲ್ಲಿ ಎಲ್ಲರ ನಕಲು ಮಾಡುವುದು. ನಮ್ಮ ಪಿ.ಎ. ತಮಗೆ ಚಹಾ ಬೇಕೆನ್ನುವುದನ್ನೂ ಮೇಲಧಿಕಾರಿಯ ರುಜು ಬಿದ್ದ ಮೇಲೇ ಹೇಳುವವರಂತೆ ಹೇಳುತ್ತಾರೆ, ಅದನ್ನು ಮಾಡುತ್ತಿದ್ದೆ. ಡ್ರೈವರ್ ಚಾಚಾ ಗೇರ್ ಬದಲಿಸುವಾಗ ವಾಕ್ಯದ ನಡುವೆ ಕನ್ನಡದಿಂದ ಉರ್ದುವಿಗೆ ಹೊರಳುತ್ತಾರೆ; ಅದನ್ನೂ ಮಾಡುತ್ತಿದ್ದೆ. ನನ್ನ ಸ್ವಂತ ದನಿ ಕೇಳಿದವರು ಕಡಿಮೆ. ಕೇಳಿದವರು ಇನ್ನೊಮ್ಮೆ ಕೇಳಿಸು ಅಂದದ್ದಿಲ್ಲ.

ಸಾಹೇಬರ ದನಿ ಮಾತ್ರ ನನ್ನ ಉತ್ಸವಮೂರ್ತಿ. ಮೊದಲು ಒಂದು ಕೆಮ್ಮು, ಆಮೇಲೆ "ಹಾಂ...", ಆಮೇಲೆ ಆಚೆಯವರಿಗೆ ಲೈನ್ ಹೋಯಿತೇನೋ ಅನ್ನಿಸುವಷ್ಟು ಮೌನ, ಆಮೇಲೆ ಮಾತು. ಪಿ.ಎ. ಒಂದು ದಿನ ಬಾಗಿಲ ಹಿಂದೆ ನಿಂತು ಕೇಳಿದ್ದರಂತೆ. ಬೈಯಲು ಕರೆದಿದ್ದಾರೆ ಎಂದುಕೊಂಡು ಹೋದರೆ, "ನಾಳಿಂದ ಫೋನ್ ಮ್ಯಾಲ ಸಾಹೇಬ್ರು ನೀನೇ" ಎಂದರು. ಹೊರಗೆ ಹೇಳಲು ಒಂದು ಸುಳ್ಳನ್ನೂ ತಯಾರಿಸಿದ್ದರು: ಸಾಹೇಬರಿಗೆ ಜ್ವರ, ಭೇಟಿ ಇಲ್ಲ, ಫೋನಿನಲ್ಲಿ ಸಿಗುತ್ತಾರೆ.

ಪದ್ಧತಿ ಹೀಗಿತ್ತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಮೇಜಿನ ಆಚೆ ಸಾಹೇಬರು ಪಾಟಿ ಹಿಡಿದು, ಈಚೆ ನಾನು ಎಡಗೆನ್ನೆಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡು. ಏಲಕ್ಕಿ ಇಲ್ಲದಿದ್ದರೆ ಅವರ 'ಸ' ಬರುತ್ತಿರಲಿಲ್ಲ. ಪಿ.ಎ. ನಂಬರು ನೋಡಿ, ಯಾರು, ಯಾವ ಊರು, ಹೋದ ಸಲ ಏನು ಕೇಳಿದ್ದರು ಎಂದು ಚೀಟಿ ಬರೆದು ಸರಿಸುವರು. ಸ್ಪೀಕರಿನಲ್ಲಿ ಆಚೆಯವರ ಮಾತು ಮುಗಿದ ಮೇಲೆ ಸಾಹೇಬರು ಪಾಟಿಯ ಮೇಲೆ ಬರೆಯುವರು, ನಾನು ನುಡಿಯುವೆ. ಆ ದೀರ್ಘ ಮೌನದ ಅಭ್ಯಾಸ ಅವರಿಗೆ ಮೊದಲೇ ಇದ್ದದ್ದು ನಮ್ಮ ಪುಣ್ಯ. ಬರೆಯಲು ಸಮಯ ಸಿಗುತ್ತಿತ್ತು. ಎರಡನೇ ದಿನ ಒಬ್ಬರು "ಏನ್ರೀ ಸಾಹೇಬ್ರ, ಕಿರ್ ಕಿರ್ ಅಂತದಲ್ಲ?" ಎಂದು ಬಳಪದ ಸದ್ದು ಹಿಡಿದರು. "ಇಲಿ ಆಗ್ಯಾವ್ರೀ" ಎಂದೆ. ಸಾಹೇಬರು ಪಾಟಿಯ ಮೇಲೆ ನನ್ನ ಕಡೆ ಬಾಣದ ಗುರುತು ಹಾಕಿ "ಒಂದೇ ಇಲಿ" ಎಂದು ಬರೆದರು. ಅಂದಿನಿಂದ ಬಳಪವನ್ನು ನೀರಲ್ಲಿ ಅದ್ದಿ ಬರೆಯತೊಡಗಿದರು. ಸದ್ದು ನಿಂತಿತು.

ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅದನ್ನು ತಿಳಿಯಲು ಸಾಹೇಬರ ಭಾಷೆ ತಿಳಿಯಬೇಕು. ಕೇಳಿ ಬಂದವರಿಗೆ ಅವರು ಮೂರೇ ಉತ್ತರ ಕೊಡುತ್ತಿದ್ದರು. "ನೋಡೋಣ್ರಿ" ಎಂದರೆ ಆಗುವುದಿಲ್ಲ. "ಮಾಡೋಣ್ರಿ" ಎಂದರೆ ಇನ್ನೊಂದೆರಡು ಸಲ ಬಂದು ಹೋಗಿ. "ಆಗ್ಯದ ತಿಳ್ಕೋರಿ" ಎಂದರೆ ಮುಗಿಯಿತು, ಮನೆಗೆ ಹೋಗಿ ಪೇಢೆ ಹಂಚಬಹುದು. ಕ್ಷೇತ್ರದಲ್ಲಿ ಎಲ್ಲರಿಗೂ ಈ ಲೆಕ್ಕ ಬಾಯಿಪಾಠ. ಮೂರನೆಯದನ್ನು ಅವರು ವರ್ಷಕ್ಕೆ ಎರಡು ಮೂರು ಸಲ ಹೇಳಿದರೆ ಹೆಚ್ಚು, ಹೇಳಿದ್ದನ್ನು ಮಾಡದೆ ಬಿಟ್ಟದ್ದಿಲ್ಲ. ಅವರ ಇಡೀ ರಾಜಕೀಯ ನಿಂತಿದ್ದು ಆ ಎರಡು ಪದಗಳ ಮೇಲೆ. ಆದ್ದರಿಂದ ನಿಯಮ: ಪಾಟಿಯ ಮೇಲೆ ಬರೆಯದೆ ಆ ಎರಡು ಪದ ನನ್ನ ಬಾಯಿಂದ ಬರಕೂಡದು.

ಇಲ್ಲಿ ನಕಲು ಮಾಡುವವರ ಒಂದು ರೋಗದ ಬಗ್ಗೆ ಹೇಳಬೇಕು. ಒಬ್ಬ ಮನುಷ್ಯ ದಿನಕ್ಕೆ ನೂರು ಸಲ ಆಡುವ ಮಾತನ್ನು ನಾವು ಹಿಡಿಯುವುದಿಲ್ಲ; ಅಪರೂಪಕ್ಕೊಮ್ಮೆ ಆಡುವುದನ್ನು ಹಿಡಿಯುತ್ತೇವೆ. ನಗು ಬರುವುದು ಅದಕ್ಕೇ. ಹಿಂದಿನ ಕೋಣೆಯಲ್ಲಿ ನನ್ನ ಸಾಹೇಬರು ಎಲ್ಲದಕ್ಕೂ "ಆಗ್ಯದ ತಿಳ್ಕೋರಿ" ಎನ್ನುತ್ತಿದ್ದರು. ಚಹಾಕ್ಕೆ ಸಕ್ಕರೆ ಹಾಕಲೇ ಅಂದರೂ ಅದೇ, ಚಾಚಾನಿಗೆ ಎರಡನೇ ಮದುವೆ ಮಾಡಿಸಿ ಅಂದರೂ ಅದೇ. ನಿಜವಾದ ಸಾಹೇಬರು ವರ್ಷಕ್ಕೆ ಮೂರು ಸಲ ಹೇಳಿದರೆ ನನ್ನ ಸಾಹೇಬರು ಗಂಟೆಗೆ ಮೂವತ್ತು ಸಲ. ನನ್ನ ನಾಲಿಗೆಗೆ ಯಾವುದು ರೂಢಿಯಾಗಿತ್ತು ಎಂದು ನೀವೇ ಊಹಿಸಿ.

ಎರಡನೇ ವಾರ ಸಾಹೇಬರು ಗಂಟಲು ತೋರಿಸಲು ಹೋದರು, ಜೊತೆಗೆ ಪಿ.ಎ. ಹೋದರು. ಫೋನು ನನ್ನ ಬಳಿ ಉಳಿಯಿತು. "ಬಂದ್ರ ಎತ್ತಬ್ಯಾಡ" ಎಂದಿದ್ದರು. ಅದು ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ನಾಲ್ಕನೇ ಸಲ ಎತ್ತಿದೆ. ಕರುಣೆಯಿಂದ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಸತ್ಯವೆಂದರೆ, ಪಾಟಿಯಿಲ್ಲದೆ ಒಂದು ಸಲ ಶಾಸಕನಾಗುವ ಚಪಲ.

"ಸಾಹೇಬ್ರ, ನಾ ಕಮಲಾಪುರದ ಬಾಳಿಹಣ್ಣಿನಾಕಿ ಮಾತಾಡಾಕತ್ತೀನ್ರಿ."

ಈಕೆಯ ಅರ್ಜಿಯನ್ನು ಟೈಪ್ ಮಾಡಿದವನೇ ನಾನು. ಕಮಲಾಪುರದಲ್ಲಿ ಹುಮನಾಬಾದ್ ರಸ್ತೆಯ ಬದಿಗೆ ತಾಡಪತ್ರಿ ಕಟ್ಟಿಕೊಂಡು ಕೆಂಪು ಬಾಳೆಹಣ್ಣು ಮಾರುವ ಹೆಂಗಸರ ಸಾಲೊಂದಿದೆ. ಆ ಸಾಲಿಗೆ ಈಕೆ ಹಿರಿಯಳು.

"ಹಾಂ... ಹೇಳ್ರೀ ಯವ್ವಾ."

"ರಸ್ತಾ ಅಗಲ ಮಾಡಾಕ ನಾಳಿಗಿ ಮಷೀನ್ ಬರ್ತದಂತ್ರೀ. ಎದ್ದು ಹೋಗ್ರಿ ಅಂತಾರ. ಸಂತಿ ಬಾಜೂಕ ಸರಕಾರದ ಜಾಗ ಖಾಲಿ ಬಿದ್ದದಲ್ರೀ, ಅಲ್ಲಿ ಕೂಡಾಕ ಕೊಡ್ರಿ ಅಂತ ಮೂರ್ ಸಲ ನಿಮ್ಮ ಬಲ್ಲಿ ಬಂದೀವಿ. ಜಾಗ ಕೊಡೂತನಕ ನಾವ್ ಏಳಂಗಿಲ್ಲ. ಮಷೀನ್ ಮುಂದ ಕೂಡಾವ್ರೇ."

ನಾನು ಕೆಮ್ಮಿದೆ. ಮೌನ ಬಿಟ್ಟೆ. ಎಲ್ಲ ಸರಿಯಾಗಿಯೇ ಮಾಡಿದೆ. "ನೋಡೋಣ್ರಿ" ಎಂದೆ.

ಆಕೆ ಏನೂ ಅನ್ನಲಿಲ್ಲ. ಹಿಂದೆ ಗುಜುಗುಜು ಎನ್ನುತ್ತಿದ್ದ ಹೆಂಗಸರ ದನಿಗಳೂ ನಿಂತವು. ಫೋನನ್ನು ನಡುವೆ ಇಟ್ಟುಕೊಂಡು ಎಲ್ಲರೂ ಕೇಳುತ್ತಿದ್ದರು ಎಂದು ಆಗ ಗೊತ್ತಾಯಿತು. ಕೊನೆಗೆ ಆಕೆ, "ಆಯ್ತ್ರೀ ಯಪ್ಪಾ. ನಿಮ್ಮ ನೋಡೋಣ ಅಂದ್ರ ಏನಂತ ನಮಗ ಗೊತ್ತದ" ಎಂದಳು.

ಆ ನಿಶ್ಶಬ್ದ ನನಗೆ ತಡೆಯಲಾಗಲಿಲ್ಲ. ನಕಲಿನವನ ಮುಂದೆ ಸಭೆ ಸುಮ್ಮನಾದರೆ ಅವನು ತನ್ನ ಬತ್ತಳಿಕೆಯ ಖಾತ್ರಿ ಬಾಣವನ್ನು ತೆಗೆಯುತ್ತಾನೆ. ಕೈ ತಾನೇ ಅಲ್ಲಿಗೆ ಹೋಗುತ್ತದೆ. ನನ್ನ ಬಾಯಿ ತೆರೆಯಿತು. "ಆಗ್ಯದ ತಿಳ್ಕೋರಿ."

ಆಚೆ ಕಡೆ ಯಾರೋ ಕೇಕೆ ಹಾಕಿದರು. ಯಾರೋ ಅತ್ತರು. ಆಕೆ, "ನಿಮ್ಮ ಹೊಟ್ಟಿ ತಣ್ಣಗಿರ್ಲಿ ನನ್ನಪ್ಪಾ" ಎಂದು ಫೋನಿಟ್ಟಳು. ನಾನು ನಾಚಿಕೆಗೆಟ್ಟು ಹೇಳುತ್ತೇನೆ, ಅರ್ಧ ಗಂಟೆ ಸಂತೋಷವಾಗಿದ್ದೆ. ಅಂಥ ಚಪ್ಪಾಳೆ ನನಗೆ ಹಿಂದೆ ಸಿಕ್ಕಿರಲಿಲ್ಲ. ಆಮೇಲೆ ಪಾಟಿಯ ನಿಯಮ ನೆನಪಾಯಿತು. ಸಾಹೇಬರು ಬಂದರು, ಪಿ.ಎ. ಬಂದರು, "ಯಾರರ ಫೋನ್ ಮಾಡಿದ್ರೇನು?" ಎಂದರು. "ಇಲ್ರೀ" ಎಂದೆ. ಇದನ್ನು ನನ್ನ ಸ್ವಂತ ದನಿಯಲ್ಲೇ ಹೇಳಿದೆ.

ಮರುದಿನ ಏನೂ ಆಗಲಿಲ್ಲ. ಅಂದರೆ, ಏನೂ ಆಗಲಿಲ್ಲ ಎಂದು ನಾನು ಅಂದುಕೊಂಡೆ. ಅದರ ಮರುದಿನ ಬೆಳಿಗ್ಗೆ ಚಾಚಾ ಕಮಲಾಪುರದ ಕಡೆಯಿಂದ ಬಂದವರು ಅಂಗಳದಲ್ಲೇ ಹೇಳಿದರು: "ಬಾಳಿಹಣ್ಣಿನವ್ರು ತಾವೇ ಎಲ್ಲಾ ಬಿಚ್ಕೊಂಡು ರಸ್ತಾ ಖಾಲಿ ಮಾಡ್ಯಾರ ಮಿಯಾ. ಮಷೀನ್ ಬರೂಕಿಂತ ಮೊದ್ಲೇ. ಜಗಡಾ ಇಲ್ಲ, ಕುಚ್ ಇಲ್ಲ. ಸಾಬ್ ಜಬಾನ್ ದಿಯೇ ಬೋಲ್ಕೆ ಕುಣ್ಯಾಕತ್ತಾರ. ಸಾಬ್ರು ಯಾವಾಗ ಮಾತ್ ಕೊಟ್ಟಾರೋ?" ನಾನು ಒಳಗೆ ಹೋಗಲು ತಿರುಗಿದೆ. ಚಾಚಾ ನನ್ನ ಮುಖ ನೋಡಿದರು. "ಕ್ಯಾ ಬೋಲಾ ರೇ ತೂ?" ಎಂದು ಮೆಲ್ಲಗೆ ಕೇಳಿದರು.

ಅಷ್ಟರಲ್ಲಿ ಒಂಬತ್ತಾಯಿತು. ಮೊದಲ ಫೋನು ಕಮಲಾಪುರದ ಮುಖಂಡನದು. ಆ ಭಾಗದಲ್ಲಿ ಸಾಹೇಬರಿಗೆ ಮತ ಹಾಕಿಸುವವನು ಅವನೇ. ಸಂತೆ ಪಕ್ಕದ ಆ ಜಾಗದಲ್ಲಿ ಅಂಗಡಿ ಸಾಲು ಕಟ್ಟಿಸುವ ಆಸೆ ಅವನಿಗಿತ್ತು, ಸಾಹೇಬರು ಅವನಿಗೆ "ಮಾಡೋಣ್ರಿ" ಎಂದಿದ್ದರು. ಪಿ.ಎ. ಚೀಟಿಯಲ್ಲಿ "ಜ್ವರ ವಿಚಾರಿಸಲು ಇರಬೇಕು" ಎಂದು ಬರೆದು ಸರಿಸಿದರು.

"ಏನ್ ಸಾಹೇಬ್ರ, ನನಗ ಮಾಡೋಣ್ರಿ, ಬಾಳಿಹಣ್ಣಿನವ್ರಿಗಿ ಆಗ್ಯದ ತಿಳ್ಕೋರಿ? ಹದಿನೈದು ವರ್ಷ ನಿಮ್ಮ ಹಿಂದ ಧೂಳ ಕುಡದವ ನಾನೋ ಅವ್ರೋ? ಊರೆಲ್ಲಾ ಸಾಹೇಬ್ರು ಮಾತ್ ಕೊಟ್ಟಾರ ಅಂತ ಹಲಗಿ ಹೊಡ್ಯಾಕತ್ತದ. ಹೇಳ್ರಿ, ಅಂದೀರೋ ಇಲ್ಲೋ?"

ಈಗ ನಾನು ಉತ್ತರಿಸಬೇಕು, ಸಾಹೇಬರಾಗಿ, ಸಾಹೇಬರ ಎದುರಿಗೇ. ಅವರು ಬಳಪ ಎತ್ತಲಿಲ್ಲ. ಫೋನಿನಿಂದ ನನ್ನ ಮುಖಕ್ಕೆ ನಿಧಾನ ಕಣ್ಣು ತಂದರು. ಕೆಮ್ಮಿದೆ. "ಹಾಂ..." ಎಂದೆ. ಪಾಟಿ ಖಾಲಿ. ಮೌನ ಅವರು ಬಿಡುವುದಕ್ಕಿಂತ ಉದ್ದವಾಯಿತು. "ದನಿ ಕೇಳಸವಲ್ದು" ಎಂದು ಫೋನಿಟ್ಟೆ. ಆ ದನಿಯಲ್ಲಿ ನಾನು ಹೇಳಿದ ಒಂದೇ ನಿಜ ಅದು ಅನ್ನಿಸುತ್ತದೆ.

ಸಾಹೇಬರು ಬರೆದರು: "ಯಾರು?"

ನನ್ನ ಕಡೆ ಬೆರಳು ಮಾಡಿಕೊಂಡೆ. ಪಿ.ಎ. ಕುರ್ಚಿಯಿಂದ ಎದ್ದು, ಯಾವ ಕಡೆ ಹೋಗಬೇಕೆಂದು ಆದೇಶ ಬರದೆ ಹಾಗೇ ನಿಂತರು. ಸಾಹೇಬರು ಒದ್ದೆ ಅರಿವೆಯಿಂದ ಪಾಟಿ ಒರೆಸಿ ಇನ್ನೊಂದು ಸಾಲು ಬರೆದರು: "ಆಕೀಗಿ ಹಚ್ಚು. ನನ್ನ ದನೀಲೆ ನೋಡೋಣ್ರಿ ಅನ್ನು."

ಸರಳ ಕೆಲಸ. ಅದೇ ದನಿ ಕೊಟ್ಟದ್ದನ್ನು ಅದೇ ದನಿ ವಾಪಸು ತೆಗೆದುಕೊಳ್ಳುವುದು. ಫೋನು ಹಚ್ಚಿದೆ. ಆಕೆ ಎತ್ತಿದಳು. ಹಿಂದೆ ಲಾರಿಗಳ ಸದ್ದು, ಮಷೀನಿನ ಗರ್ರ್.

"ಸಾಹೇಬ್ರ! ಜಾಗ ತೋರಸಾಕ ಯಾರರ ಬರ್ತಾರೇನ್ರಿ? ಹಣ್ಣೆಲ್ಲಾ ಬಿಸಲಿಗಿ ಬಿದ್ದಾವ."

ಏಲಕ್ಕಿ ಎಡಗೆನ್ನೆಯಲ್ಲಿತ್ತು. ಕೆಮ್ಮು ಗಂಟಲಿನವರೆಗೆ ಬಂದಿತ್ತು. ರಸ್ತೆಯ ಜಾಗ ಆ ಹೆಂಗಸರ ಕೈಯಲ್ಲಿದ್ದ ಒಂದೇ ಬಲವಾಗಿತ್ತು. ಈ ದನಿಯನ್ನು ನಂಬಿ ಅದನ್ನು ಬಿಟ್ಟುಕೊಟ್ಟಿದ್ದರು. ಈಗ "ನೋಡೋಣ್ರಿ" ಎಂದರೆ ರಸ್ತೆಯೂ ಇಲ್ಲ, ಸಂತೆ ಪಕ್ಕವೂ ಇಲ್ಲ. ಏಲಕ್ಕಿಯನ್ನು ಅಂಗೈಗೆ ಉಗುಳಿದೆ.

"ಯವ್ವಾ, ನಾ ಸಾಹೇಬ್ರಲ್ಲ. ಆಫೀಸಿನ ಟೈಪಿಸ್ಟ್. ಆ ದಿನ ಮಾತಾಡಿದವ ನಾನೇ. ಸಾಹೇಬ್ರಿಗಿ ಗೊತ್ತಿಲ್ಲ."

"ಯಾವನೋ ನೀ? ಸಾಹೇಬ್ರಿಗಿ ಫೋನ್ ಕೊಡು."

ಸಾಹೇಬರು ನನ್ನ ಕೈಯಿಂದ ಫೋನು ಕಸಿದುಕೊಂಡರು. ಪಿ.ಎ. "ಸಾಹೇಬ್ರ, ಬ್ಯಾಡ್ರೀ!" ಎಂದು ಕೂಗಿದರು. ಹನ್ನೆರಡು ದಿನದ ಮೌನ ಅಲ್ಲಿ ಮುರಿಯಿತು. ಬಂದದ್ದು ದನಿಯಲ್ಲ; ಹಳೇ ಟಿನ್ನನ್ನು ಕಲ್ಲಿನ ಮೇಲೆ ಎಳೆದ ಹಾಗೆ ಏನೋ. "ಯವ್ವಾ... ನಾ..."

ಆಕೆ ನಕ್ಕಳು. "ಇದ್ಯಾವ ಸಾಹೇಬನೋ! ನಮ್ಮ ಸಾಹೇಬ್ರ ದನಿ ನಮಗ ಗೊತ್ತಿಲ್ಲೇನು? ನಕಲಿ ಮಾಡಾಕರ ಬರೋಬ್ಬರಿ ಕಲೀರಿ" ಎಂದು ಫೋನಿಟ್ಟಳು.

ಸಾಹೇಬರು ಗಂಟಲು ಹಿಡಿದುಕೊಂಡು ಕೂತರು. ಇನ್ನೊಂದು ಕೈಯಿಂದ ಬರೆದರು: "ಗಾಡಿ ತೆಗಿ."

ದಾರಿಯುದ್ದಕ್ಕೂ ಚಾಚಾ ಎರಡರಲ್ಲಿ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಪಾಟಿ ಸಾಹೇಬರ ತೊಡೆಯ ಮೇಲಿತ್ತು. ಕಮಲಾಪುರದಲ್ಲಿ ರಸ್ತೆಯ ಅಂಚನ್ನು ಆಗಲೇ ಕೆದರಿ ಕೆಂಪು ಮಣ್ಣನ್ನು ರಾಶಿ ಹಾಕಿದ್ದರು. ಹೆಂಗಸರು ಬುಟ್ಟಿಗಳನ್ನು ಒಂದು ಬೇವಿನ ಮರದ ಕೆಳಗೆ ಒತ್ತೊತ್ತಾಗಿ ಇಟ್ಟುಕೊಂಡಿದ್ದರು. ಒಂದು ಮರಕ್ಕೆ ಎಷ್ಟು ನೆರಳಿದ್ದೀತು. ಅರ್ಧ ಬುಟ್ಟಿಗಳು ಬಿಸಿಲಲ್ಲಿದ್ದವು. ಸಾಹೇಬರ ಗಾಡಿ ಕಂಡು ಎಲ್ಲರೂ ಎದ್ದರು. ಹಿರಿಯಳು ಸೆರಗು ಸರಿ ಮಾಡಿಕೊಂಡು ಬಂದಳು.

"ಬಂದ್ರಿ? ಯಾರೋ ಮಗ ಮುಂಜಾನಿ ನಿಮ್ಮ ಫೋನ್ ತಗೊಂಡು ಹುಚ್ಚಾಟ ಮಾಡ್ಯಾನ್ರಿ. ನಾ ಬೈದೀನಿ."

"ಆ ಮಗ ನಾನೇ ಯವ್ವಾ" ಎಂದೆ. ಎಲ್ಲವನ್ನೂ ಹೇಳಿದೆ. ಗಂಟಲಿನ ಗಂಟು, ಮೌನ, ಏಲಕ್ಕಿ, ಎಲ್ಲ. ಸಾಹೇಬರ ಗುಟ್ಟನ್ನು ಹೆದ್ದಾರಿಯ ಮೇಲೆ ಚೆಲ್ಲುತ್ತಿದ್ದೇನೆ ಎಂದು ಗೊತ್ತಿತ್ತು. ಮುಖಂಡನ ಇಬ್ಬರು ಬೈಕಿನ ಮೇಲೆ ಕೂತು ಕೇಳುತ್ತಿದ್ದರು.

ಹಿರಿಯಳು ನನ್ನನ್ನು ಕನಿಕರದಿಂದ ನೋಡಿದಳು. "ತಮ್ಮಾ, ಸಾಹೇಬ್ರನ್ನ ಉಳಸಾಕ ನೀ ಸುಳ್ಳ ಹೇಳಾಕತ್ತಿ. ಮಾತ್ ತಪ್ಪೂ ಮುಂದ ಯಾವನರ ಒಬ್ಬ ನೌಕರನ್ನ ಮುಂದ ತಳ್ತಾರ. ಇದೇನ್ ಹೊಸಾದಲ್ಲ. ಎಷ್ಟ್ ಕೊಡ್ತಾರ ನಿನಗ?"

ನಿಜ ಹೇಳಿದರೆ ನಂಬುವಂಥ ದನಿ ನನ್ನದಲ್ಲ. ಉಳಿದದ್ದು ಒಂದೇ ದಾರಿ. ಸಾಹೇಬರ ಮುಖ ನೋಡಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಏಲಕ್ಕಿ ಇಲ್ಲದೆಯೇ ಕೆಮ್ಮಿದೆ. "ಹಾಂ..." ಎಂದೆ. ಮೌನ. ಆಮೇಲೆ, ಬೇವಿನ ಮರದ ಕೆಳಗೆ, ಅವರ ದನಿಯಲ್ಲಿ, "ಆಗ್ಯದ ತಿಳ್ಕೋರಿ."

ಹೆಂಗಸರೆಲ್ಲ ಒಟ್ಟಿಗೆ ಸಾಹೇಬರ ಬಾಯಿ ನೋಡಿದರು. ಅದು ಮುಚ್ಚಿತ್ತು. ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಂದಿರಲಿಲ್ಲ ಅದು.

ಹಿರಿಯಳು ಅಲ್ಲೇ ಕೆಂಪು ಮಣ್ಣಿನ ಮೇಲೆ ಕೂತಳು. "ಹಂಗಾರ ನಾವು ಯಾರ ಮಾತಿಗಿ ಎದ್ದು ಬಂದೀವಿ?" ಎಂದು ನೆಲವನ್ನು ಕೇಳಿದಳು.

ಸಾಹೇಬರು ಪಾಟಿ ತೆಗೆದರು. ನೀರಿರಲಿಲ್ಲ; ಬಳಪ ಕಿರ್ ಕಿರ್ ಎಂದಿತು. ಬಹಳ ಹೊತ್ತು ಹಿಡಿದು ಬರೆದರು. ಓದು ಬಲ್ಲ ಒಬ್ಬಾಕೆ ಗಟ್ಟಿಯಾಗಿ ಓದಿದಳು: "ದನಿ ಇವಂದು. ಮಾತು ನಂದು. ಜಾಗ ನಿಮ್ಮದು."

ನನಗೆ ಕಣ್ಣು ತುಂಬಿತು. ಹಿರಿಯಳಿಗೆ ತುಂಬಲಿಲ್ಲ. "ಪಾಟಿ ಮ್ಯಾಲಿಂದು ಬೆವರಿಗೇ ಅಳಸ್ತದ್ರೀ ಸಾಹೇಬ್ರ" ಎಂದಳು. "ಕಾಗದದ ಮ್ಯಾಲ ಬರದು ಸಹಿ ಮಾಡ್ರಿ."

ಗಾಡಿಯ ಡಬ್ಬಿಯಲ್ಲಿ ಲೆಟರ್‌ಹೆಡ್ ಇತ್ತು. ಬಾನೆಟ್ಟಿನ ಮೇಲೆ ಇಟ್ಟು ನಾನು ಬರೆದೆ, ಅವರು ಸಹಿ ಹಾಕಿದರು. ಬೈಕಿನವರು ಆಗಲೇ ಹೋಗಿದ್ದರು.

ಮುಂದಿನದು ಹಿಂದಿನ ಕೋಣೆಯಲ್ಲಿ ನಕಲು ಮಾಡುವಂಥದ್ದಲ್ಲ. ಮುಖಂಡ ಆ ವಾರವೇ ತನ್ನವರನ್ನು ಕಟ್ಟಿಕೊಂಡು ಎದುರು ಪಕ್ಷಕ್ಕೆ ಹೋದ. ಹೋಗುವಾಗ, ಸಾಹೇಬರಿಗೆ ಬಾಯಿ ಬಿದ್ದಿದೆ, ಕಚೇರಿಯನ್ನು ಒಬ್ಬ ನಕಲಿ ನಡೆಸುತ್ತಾನೆ ಎಂದು ಎಲ್ಲರಿಗೂ ಸಾರಿದ. ಸುಳ್ಳು ಎಂದು ಅಲ್ಲಗಳೆಯಲು ಸಾಹೇಬರು ಮಾತಾಡಬೇಕಿತ್ತು. ಮೂರು ವಾರ ಮುಗಿದ ಮೇಲೆ ಅವರ ದನಿ ಬಂತು, ಆದರೆ ಸೀಳಿದ್ದು ಬಂತು. ನಡುವೆ ಮಾತಾಡಿದಿರಾ ಎಂದು ಡಾಕ್ಟರು ಕೇಳಿದರು. ಸಾಹೇಬರು ಎರಡು ಬೆರಳು ತೋರಿಸಿದರು. ಎರಡು ಪದ ಎಂದು. ಟಿಕೆಟ್ ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಕಾರಣ ಎರಡು ಹೇಳಿದರು: ಆರೋಗ್ಯ, ಮತ್ತು ಕಮಲಾಪುರದ ಮತ. ಎರಡರ ಹಿಂದೆಯೂ ಇದ್ದದ್ದು ನನ್ನ ಬಾಯಿ.

ನನ್ನನ್ನು ತೆಗೆದುಹಾಕುತ್ತಾರೆ ಎಂದು ಕಾದೆ. ತೆಗೆಯಲಿಲ್ಲ. ಪಾಟಿಯನ್ನು ಮಾತ್ರ ನನಗೇ ಕೊಟ್ಟರು. ಶರಣಸಿರಸಗಿಯ ನನ್ನ ಬಾಡಿಗೆ ಕೋಣೆಯ ಕಪಾಟಿನ ಮೇಲಿದೆ, ಅದರಲ್ಲಿ ಏನೂ ಬರೆದಿಲ್ಲ.

ಹೋದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ಪತ್ರ ಕಚೇರಿಯಿಂದ ಕಚೇರಿಗೆ ತಿರುಗಿ, ಸಂತೆ ಪಕ್ಕದ ಜಾಗವನ್ನು ಹಗ್ಗ ಹಿಡಿದು ಅಳೆದು, ಅರ್ಧವನ್ನು ಬಾಳೆಹಣ್ಣಿನವರಿಗೆ ಕೊಟ್ಟಿದ್ದರು. ಇನ್ನರ್ಧಕ್ಕೆ ಮುಖಂಡನ ತಕರಾರಿದೆ. ಜಾಗ ಸಾಲದೆ ಉಳಿದ ಐದಾರು ಮಂದಿ ಈಗಲೂ ಬೇವಿನ ಮರದ ಕೆಳಗಿದ್ದಾರೆ. ಅವರಲ್ಲಿ ಹಿರಿಯಳೂ ಒಬ್ಬಳು. ತನ್ನ ಪಾಲಿನ ಜಾಗವನ್ನು ಬಸುರಿ ಹೆಂಗಸೊಬ್ಬಳಿಗೆ ಬಿಟ್ಟುಕೊಟ್ಟಿದ್ದಳು.

ಒಂದು ಹಣ್ಣನ್ನು ಅರ್ಧ ಸುಲಿದು ನನ್ನ ಕೈಗಿಟ್ಟು ಪಕ್ಕದಲ್ಲಿ ಕೂರಿಸಿಕೊಂಡಳು. "ಸಾಹೇಬ್ರು ಹ್ಯಾಂಗದಾರ?"

"ಅದಾರ್ರೀ. ಮಾತು ಕಮ್ಮಿ."

"ತಮ್ಮಾ, ಒಂದ್ ಮಾತ." ದನಿ ತಗ್ಗಿಸಿದಳು. "ಆ ಜಾಗದ ಆಫೀಸರ್ ಹೊಸಬ ಬಂದಾನ. ಸಾಹೇಬ್ರ ಈಗಿನ ದನಿ ಅವ ಕೇಳಿಲ್ಲ. ನೀ ಆ ಮೊದಲಿನ ದನೀಲೆ ಒಂದ್ ಫೋನ್ ಹಚ್ಚಿದ್ರ, ಉಳದರ್ಧ..."

ಅವಳು ಅಲ್ಲಿಗೆ ನಿಲ್ಲಿಸಿದಳು. ಉಳಿದ ಹೆಂಗಸರೂ ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ಮತ್ತೆ ಅದೇ ನಿಶ್ಶಬ್ದ. ಬಾಯಲ್ಲಿ ಹಣ್ಣಿತ್ತು, ನುಂಗಿದೆ. ಸಾಹೇಬರ ಹಳೆಯ ದನಿ ಈಗ ಇಡೀ ಕ್ಷೇತ್ರದಲ್ಲಿ ನನ್ನೊಬ್ಬನ ಗಂಟಲಲ್ಲಿ ಉಳಿದಿದೆ. ಕೆಮ್ಮಿದೆ. "ಹಾಂ..." ಎಂದೆ. ಅವರು ಬಿಡುತ್ತಿದ್ದಷ್ಟೇ ಉದ್ದ ಮೌನ ಬಿಟ್ಟೆ.

"ನೋಡೋಣ್ರಿ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸಿಪ್ಪೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬುಟ್ಟಿಯ ಹಿಂದಕ್ಕೆ ಎಸೆದು, ರಸ್ತೆಯಲ್ಲಿ ನಿಧಾನಿಸಿದ ಒಂದು ಕಾರಿನ ಕಡೆ ಕೈ ಬೀಸಿದಳು.